ಒಪ್ಪಿದಳು ಅಂದುಕೊಂಡೆ

ಗೌಡರ ತೋಟದಲ್ಲಿ ಎರಡು ತೆಂಗಿನಕಾಯಿ ಕೆಡವಿದ ಕೂಲಿಯಾಳು ‘ಗೌಡರು ನೋಡಿಯೂ ಸುಮ್ಮನಿದ್ದರು, ಒಪ್ಪಿಗೆ ಅಂದುಕೊಂಡೆ’ ಎನ್ನಲಿ ನೋಡೋಣ. ಕಂಬಕ್ಕೆ ಕಟ್ಟುತ್ತಾರೆ. ಹೆಣ್ಣಿನ ಮೈ ಬಗ್ಗೆ ಅದೇ ಮಾತಾಡಿದ ಗಂಡಸಿಗೆ ಮಾತ್ರ ಕಟಕಟೆಯಲ್ಲಿ ಮರ್ಯಾದೆ.

1972ರ ಮಾರ್ಚ್, ಮಹಾರಾಷ್ಟ್ರದ ದೇಸಾಯಿಗಂಜ್ ಠಾಣೆ. ರಾತ್ರಿ ಹೇಳಿಕೆ ಬರೆಸಿ ಎಲ್ಲರೂ ಹೊರಟಾಗ ಮಥುರಾ ಎಂಬ ಆದಿವಾಸಿ ಹುಡುಗಿಯೊಬ್ಬಳನ್ನೇ ಪೊಲೀಸರು ಒಳಗೆ ನಿಲ್ಲಿಸಿಕೊಂಡರು. ಅವಳ ಕಡೆಯವರು ಹೊರಗೆ ಕಾದರು. ಠಾಣೆಯ ದೀಪ ಆರಿತ್ತು, ಬಾಗಿಲು ಮುಚ್ಚಿತ್ತು. ಮಥುರಾ ಪ್ರಕರಣವೆಂದು ದೇಶಕ್ಕೆಲ್ಲ ಗೊತ್ತಾದ ಈ ಅತ್ಯಾಚಾರದ ಕೇಸಿನಲ್ಲಿ 1978ರಲ್ಲಿ ಸುಪ್ರೀಂ ಕೋರ್ಟ್ ಇಬ್ಬರು ಪೊಲೀಸರನ್ನೂ ಬಿಟ್ಟುಬಿಟ್ಟಿತು. ಮೈಮೇಲೆ ಗಾಯವಿಲ್ಲ, ಕೂಗಿಕೊಂಡಿದ್ದಕ್ಕೆ ಪುರಾವೆಯಿಲ್ಲ, ಆದ್ದರಿಂದ ಒಪ್ಪಿದ್ದಳು! ಠಾಣೆಯೊಳಗೆ ಕೂಗಿ ಯಾರನ್ನು ಕರೆಯಬೇಕಿತ್ತು ಸ್ವಾಮಿ, ಪೊಲೀಸರನ್ನೇ? ನಾಲ್ವರು ಕಾನೂನು ಪ್ರಾಧ್ಯಾಪಕರು ಬಹಿರಂಗ ಪತ್ರ ಬರೆದು, ಹೆಂಗಸರು ಬೀದಿಗಿಳಿದ ಮೇಲೆ 1983ರಲ್ಲಿ ಕಾನೂನು ತಿದ್ದಿದರು.

ಇಂಗ್ಲೆಂಡೇನೂ ಕಮ್ಮಿಯಿಲ್ಲ. ಅಲ್ಲಿನ ವಾಯುಪಡೆಯ ಮಾರ್ಗನ್ ಎಂಬಾತ ಕೈಕೆಳಗಿನ ಮೂವರನ್ನು ಮನೆಗೆ ಕರೆತಂದ. ಹೆಂಡತಿ ಒದ್ದಾಡಿದರೂ ಅದು ನಾಟಕ ಎಂದು ಹೇಳಿಕೊಟ್ಟಿದ್ದ ಎಂದು ಆ ಮೂವರು ಹೇಳಿದರು. ಅವಳು ಅರಚಿದಳು, ಮಕ್ಕಳನ್ನು ಕೂಗಿದಳು. ಅತ್ಯಾಚಾರಕ್ಕೆ ಆ ಮೂವರಿಗಾದ ಶಿಕ್ಷೆ ಉಳಿಯಿತು, ನಿಜ. ಆದರೆ 1975ರಲ್ಲಿ ಹೌಸ್ ಆಫ್ ಲಾರ್ಡ್ಸ್ ಬಹುಮತದಿಂದ ಹಾಕಿಕೊಟ್ಟ ನಿಯಮ ನೋಡಿ: ಗಂಡಸಿನ ನಂಬಿಕೆ ಪ್ರಾಮಾಣಿಕವಾಗಿದ್ದರೆ ಸಾಕು, ಅದಕ್ಕೆ ತಲೆಬುಡ ಇರಬೇಕೆಂದಿಲ್ಲ. ಅದನ್ನು ಕಿತ್ತುಹಾಕಲು 2003ರ ಕಾಯ್ದೆ ಬರಬೇಕಾಯಿತು.

ನಮ್ಮ ಹಳೆಯ ದಂಡಸಂಹಿತೆ ಬರಹದಲ್ಲಿ ಮಾರ್ಗನ್ ನಿಯಮಕ್ಕಿಂತ ಗಟ್ಟಿಯಾಗಿತ್ತು. ‘ತಪ್ಪು ತಿಳಿದೆ’ ಎಂದು ಬಚಾವಾಗಬೇಕಾದರೆ ಸದ್ಭಾವನೆ ಇರಬೇಕಿತ್ತು. ತಕ್ಕ ಎಚ್ಚರ, ಗಮನ ಇಲ್ಲದ ನಂಬಿಕೆ ಸದ್ಭಾವನೆಯೇ ಅಲ್ಲ ಎಂದು 52ನೇ ಕಲಮು ಹೇಳುತ್ತಿತ್ತು. 2013ರ ತಿದ್ದುಪಡಿಯೂ ಒಪ್ಪಿಗೆ ಸ್ಪಷ್ಟವಾಗಿರಬೇಕು, ಮೈಯಿಂದ ತಡೆಯಲಿಲ್ಲ ಎಂದ ಮಾತ್ರಕ್ಕೆ ಒಪ್ಪಿಗೆಯಾಗದು ಎಂದಿತು. ಹಾಗಾದರೆ ಕೇಳಬೇಕಾದದ್ದು ಅವನನ್ನು: ನೀನು ಏನು ಎಚ್ಚರ ವಹಿಸಿದೆ? ಅವಳನ್ನು ಕೇಳಿದೆಯಾ? ಆದರೆ 2017ರಲ್ಲಿ ದೆಹಲಿ ಹೈಕೋರ್ಟ್ ಹೆಣ್ಣಿನ ದನಿಯ ಬಲವನ್ನು ಅಳೆಯಲು ಕೂತಿತು. ಕ್ಷೀಣವಾಗಿ ಬೇಡವೆಂದರೆ ಬೇಕು ಎಂದೂ ಇರಬಹುದಂತೆ. ನಮ್ಮ ಕರ್ನಾಟಕ ಹೈಕೋರ್ಟಿನ 2020ರ ಜಾಮೀನು ಆದೇಶವೊಂದಕ್ಕೆ, ಅತ್ಯಾಚಾರವಾಯಿತು ಎನ್ನುವವಳು ಆಮೇಲೆ ದಣಿದು ನಿದ್ದೆ ಹೋದದ್ದು ಭಾರತೀಯ ನಾರಿಗೆ ತಕ್ಕದ್ದಲ್ಲ ಅನ್ನಿಸಿತು. ಆ ಸಾಲನ್ನು ಆಮೇಲೆ ತೆಗೆದರು. ತಲೆಯೊಳಗಿನದನ್ನು ತೆಗೆಯುವವರು ಯಾರು? ಮರುವರ್ಷ ಬೆಳಗಾವಿ ಅಧಿವೇಶನದಲ್ಲಿ ಮಾಜಿ ಸಭಾಧ್ಯಕ್ಷರೊಬ್ಬರು ಅತ್ಯಾಚಾರ ತಪ್ಪಿಸಲಾಗದಿದ್ದರೆ ಮಲಗಿ ಸುಖಿಸಿ ಎಂಬ ಮಾತಾಡಿದರು. ಸಭಾಧ್ಯಕ್ಷರ ಪೀಠದಲ್ಲಿದ್ದವರು ನಕ್ಕರು.

ಮಾರ್ಗನ್ ವಿಷಯಕ್ಕೆ ಇನ್ನೊಂದು ಮಾತು. ಅವನ ಮೇಲೆ ಅತ್ಯಾಚಾರದ ಕೇಸು ಹಾಕಲಾಗಲಿಲ್ಲ, ಕುಮ್ಮಕ್ಕಿನ ಕೇಸಷ್ಟೇ. ಯಾಕೆಂದರೆ ಅವನು ಗಂಡ. ಇಂಗ್ಲೆಂಡ್ ಆ ರಿಯಾಯಿತಿಯನ್ನು 1991ರಲ್ಲೇ ಹೂತಿತು. ನಾವು 2024ರಲ್ಲಿ ಹೊಸ ನ್ಯಾಯ ಸಂಹಿತೆ ಜಾರಿಗೆ ತಂದೆವು, 63ನೇ ಕಲಮಿನಲ್ಲಿ ಗಂಡನನ್ನು ಮತ್ತೆ ಜೋಪಾನವಾಗಿ ಕೂರಿಸಿದೆವು. ದಾಂಪತ್ಯದೊಳಗಿನದನ್ನು ಅತ್ಯಾಚಾರ ಎಂದರೆ ವಿಪರೀತ ಕಠೋರವಾಗುತ್ತದೆ ಎಂದು ಆ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿಗೆ ಹೇಳಿತು. ಕಠೋರವಂತೆ, ಗಂಡನಿಗೆ.