ಚಕ್ರವರ್ತಿಯ ಹೆಸರು, ಸಿಪಾಯಿಗಳ ನೆಲ

2022ರಲ್ಲಿ ಢಾಕಾ ದಕ್ಷಿಣ ನಗರ ಪಾಲಿಕೆಯು ಹಳೆಯ ಢಾಕಾದ ಒಂದು ಪುಟ್ಟ ಉದ್ಯಾನದೊಳಗೆ ತಿಂಡಿ ಮಳಿಗೆ ನಡೆಸಲು ಗುತ್ತಿಗೆ ಕೊಟ್ಟಿತು. ಮುಂಜಾನೆ ಅಲ್ಲಿ ನಡೆದಾಡುವ ವೃದ್ಧರು, ಸುತ್ತಲಿನ ನಿವಾಸಿಗಳು ಮತ್ತು ವಿದ್ಯಾರ್ಥಿಗಳು ಇದನ್ನು ವಿರೋಧಿಸಿ ಬೀದಿಗಿಳಿದರು. ಒಂದು ಚಹಾದಂಗಡಿಗಾಗಿ ಇಷ್ಟೊಂದು ಗದ್ದಲವೇಕೆ ಎಂದು ಕೇಳಿದವರೂ ಇದ್ದರು. ಆ ನೆಲದ ಚರಿತ್ರೆಯನ್ನು ಅರಿತವರು ಹಾಗೆ ಕೇಳಲಾರರು.

ಸದರ್‌ಘಾಟ್ ಲಾಂಚ್ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ, ಜಗನ್ನಾಥ ವಿಶ್ವವಿದ್ಯಾಲಯದ ಸಮೀಪದಲ್ಲಿರುವ ಅಂಡಾಕಾರದ ಈ ಉದ್ಯಾನದ ಹೆಸರು ಬಹದ್ದೂರ್ ಶಾ ಪಾರ್ಕ್. ಹದಿನೆಂಟನೇ ಶತಮಾನದ ಕೊನೆಯಲ್ಲಿ ಇಲ್ಲಿ ಅರ್ಮೇನಿಯನ್ ವರ್ತಕರ ಕ್ಲಬ್ಬಿತ್ತು. ಅವರು ಬಿಲಿಯರ್ಡ್ಸ್ ಆಡುತ್ತಿದ್ದ ಬಿಳಿಯ ಚೆಂಡುಗಳು ಊರವರ ಕಣ್ಣಿಗೆ ಮೊಟ್ಟೆಗಳಂತೆ ಕಂಡವಂತೆ. ಮೊಟ್ಟೆಗೆ ಬಂಗಾಳಿಯಲ್ಲಿರುವ ಪದವೇ ತುಸು ತಿರುಚಿಕೊಂಡು ಆ ಕಟ್ಟಡ ‘ಆಂಟಾಘರ್’ ಆಯಿತು, ಎದುರಿನ ಬಯಲು ‘ಆಂಟಾಘರ್ ಮೈದಾನ’ವಾಯಿತು. ಈ ನೆಲಕ್ಕೆ ಜನರೇ ಇಟ್ಟ ಹೆಸರು ಅದೊಂದೇ. ಮುಂದಿನ ಹೆಸರುಗಳನ್ನೆಲ್ಲ ಇಟ್ಟವರು ಆಳುವವರು.

1857ರ ನವೆಂಬರ್ 18ರಂದು ಚಿತ್ತಗಾಂಗ್‌ನಲ್ಲಿ ಸಿಪಾಯಿಗಳು ದಂಗೆಯೆದ್ದರು. ಸುದ್ದಿ ಢಾಕಾ ತಲುಪಿದೊಡನೆ ಅಲ್ಲಿನ ಬ್ರಿಟಿಷ್ ಅಧಿಕಾರಿಗಳು, ಇನ್ನೂ ಬಂಡಾಯವೇಳದಿದ್ದ 73ನೇ ದೇಶೀ ಪದಾತಿ ದಳದ ತುಕಡಿಗಳಿಂದ ಆಯುಧ ಕಸಿದುಕೊಳ್ಳಲು ನಿರ್ಧರಿಸಿದರು. ನವೆಂಬರ್ 22ರ ಬೆಳಗ್ಗೆ ಮೊದಲು ಖಜಾನೆಯ ಕಾವಲುಗಾರರನ್ನು ನಿರಾಯುಧರನ್ನಾಗಿಸಿ, ಬಳಿಕ ಬ್ರಿಟಿಷ್ ನಾವಿಕ ಪಡೆ ಲಾಲ್‌ಬಾಗ್ ಕೋಟೆಗೆ ನುಗ್ಗಿತು. ನಮ್ಮ ಬೆಂಗಳೂರಿನ ತೋಟಕ್ಕೂ ಆ ಕೋಟೆಗೂ ಹೆಸರು ಒಂದೇ. ಆದರೆ ಅಂದು ಅಲ್ಲಿ ಹರಿದದ್ದು ನೆತ್ತರು. ಸುಮಾರು 40 ಮಂದಿ ಸಿಪಾಯಿಗಳು ಅಲ್ಲಿಯೇ ಮಡಿದರು. ಅನೇಕರು ಉತ್ತರಕ್ಕೆ ಪಲಾಯನಗೈದರು. ಸೆರೆ ಸಿಕ್ಕವರಿಗೆ ಅವಸರದ ವಿಚಾರಣೆ ನಡೆಯಿತು. ಅವರನ್ನು ಆಂಟಾಘರ್ ಮೈದಾನದಲ್ಲಿ, ಊರವರೆಲ್ಲ ನೋಡುವಂತೆ, ಗಲ್ಲಿಗೇರಿಸಲಾಯಿತು. ಬಹುಕಾಲದವರೆಗೆ ಕತ್ತಲಾದ ಮೇಲೆ ಜನ ಆ ಬಯಲಿನತ್ತ ಸುಳಿಯಲು ಅಂಜುತ್ತಿದ್ದರೆಂದು ಹೇಳುತ್ತಾರೆ.

ಒಂದು ವರ್ಷ ಕಳೆಯಿತು. 1858ರಲ್ಲಿ ಕಂಪೆನಿಯ ಆಡಳಿತ ಕೊನೆಗೊಂಡು ರಾಣಿ ವಿಕ್ಟೋರಿಯಾಳ ಘೋಷಣೆ ಹೊರಟಾಗ, ಢಾಕಾದ ಕಮಿಷನರ್ ಅದನ್ನು ಓದಿಸಲು ಆರಿಸಿಕೊಂಡದ್ದು ಇದೇ ಬಯಲನ್ನು. ಪ್ರಜೆಗಳ ಧರ್ಮದಲ್ಲಿ ಕೈಹಾಕುವುದಿಲ್ಲ, ಎಲ್ಲರನ್ನೂ ಸಮಾನವಾಗಿ ಕಾಣುತ್ತೇವೆ ಎಂಬ ಆಶ್ವಾಸನೆಗಳು ನೇಣುಗಂಬಗಳಿದ್ದ ತಾಣದಲ್ಲಿ ಮೊಳಗಿದವು. ಮೈದಾನಕ್ಕೆ ವಿಕ್ಟೋರಿಯಾ ಪಾರ್ಕ್ ಎಂಬ ನಾಮಕರಣವೂ ಆಯಿತು. ಇದಕ್ಕಿಂತ ಕ್ರೂರವಾದ ವ್ಯಂಗ್ಯ ಬೇರೆ ಬೇಕೇ?

ಇಲ್ಲಿ ನಮ್ಮ ಸಮುದಾಯಕ್ಕೆ ಇರಿಸುಮುರಿಸಾಗುವ ಒಂದು ಮಾತನ್ನು ಹೇಳಲೇಬೇಕು. ಆ ಉದ್ಯಾನವನ್ನು ಬೆಳೆಸುವಲ್ಲಿ ಮುತುವರ್ಜಿ ವಹಿಸಿದವರು ಢಾಕಾದ ನವಾಬ ಖ್ವಾಜಾ ಅಬ್ದುಲ್ ಗನಿ. 1857ರಲ್ಲಿ ಅವರು ದೃಢವಾಗಿ ಬ್ರಿಟಿಷರ ಪರ ನಿಂತಿದ್ದರು. ಅವರ ಮೊಮ್ಮಗ ಖ್ವಾಜಾ ಹಫೀಜುಲ್ಲಾ 1884ರಲ್ಲಿ ಅಕಾಲ ಮರಣವನ್ನಪ್ಪಿದಾಗ, ಆತನ ನೆನಪಿಗೆ ಉದ್ಯಾನದಲ್ಲಿ ಎತ್ತರದ ಶಿಲಾಸ್ತಂಭ ಎದ್ದಿತು. ಅಬ್ದುಲ್ ಗನಿಯವರನ್ನು ಕೇವಲ ಖಳನಾಯಕರೆಂದು ಕರೆದು ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಢಾಕಾದ ಜನರಿಗೆ ಶುದ್ಧವಾದ ಕುಡಿಯುವ ನೀರು ಮೊದಲು ದೊರೆತದ್ದು ಅವರ ದಾನದಿಂದಲೇ. ಆದರೂ ಶ್ರೀಮಂತ ಮನೆತನದ ಒಬ್ಬ ತರುಣನ ಹೆಸರು ಕಲ್ಲಿನಲ್ಲಿ ಉಳಿಯಿತು, ಅದೇ ಮಣ್ಣಿನಲ್ಲಿ ಪ್ರಾಣ ಬಿಟ್ಟವರಿಗೆ ಏಳು ದಶಕಗಳಿಗೂ ಹೆಚ್ಚು ಕಾಲ ಒಂದು ಇಟ್ಟಿಗೆಯೂ ಏಳಲಿಲ್ಲ ಎಂಬುದು ಕಹಿಯಾದರೂ ಸತ್ಯ.

1957ರಲ್ಲಿ, ಢಾಕಾ ಪೂರ್ವ ಪಾಕಿಸ್ತಾನದ ರಾಜಧಾನಿಯಾಗಿದ್ದಾಗ, ಬಂಡಾಯದ ಶತಮಾನೋತ್ಸವದ ನಿಮಿತ್ತ ಢಾಕಾ ಇಂಪ್ರೂವ್‌ಮೆಂಟ್ ಟ್ರಸ್ಟ್ ಅಲ್ಲಿ ನಾಲ್ಕು ಕಂಬಗಳ ಮೇಲೆ ಗುಮ್ಮಟವಿರುವ ಸ್ಮಾರಕವನ್ನು ಕಟ್ಟಿಸಿತು. ಉದ್ಯಾನ ಬಹದ್ದೂರ್ ಶಾ ಪಾರ್ಕ್ ಆಯಿತು. ಮಡಿದವರಿಗೆ ಕೊನೆಗೂ ಗೌರವ ಸಂದಿತೆಂದು ಸಮಾಧಾನಪಡಬಹುದಿತ್ತು. ಆದರೆ ಹೆಸರು ಮತ್ತೊಮ್ಮೆ ಸಿಂಹಾಸನಕ್ಕೇ ಸಂದಿತು. ಬಹದ್ದೂರ್ ಶಾ ಝಫರ್ ಅವರ ಬಗ್ಗೆ ನನಗೆ ಅಪಾರ ಗೌರವವಿದೆ. ರಂಗೂನಿನ ಗಡೀಪಾರಿನಲ್ಲಿ 1862ರಲ್ಲಿ ಕಣ್ಮುಚ್ಚಿದ ಆ ಕವಿ-ದೊರೆಯ ಗೋರಿಯ ನಿಖರವಾದ ಜಾಗ ಪತ್ತೆಯಾದದ್ದೇ 1991ರಲ್ಲಿ. ಆದರೆ ಅವರು ಢಾಕಾವನ್ನು ಆಳಿದವರಲ್ಲ, ಅಲ್ಲಿ ಹೋರಾಡಿದವರೂ ಅಲ್ಲ. ಹೋರಾಡಿದವರು ತಿಂಗಳ ಸಂಬಳಕ್ಕೆ ದುಡಿಯುತ್ತಿದ್ದ ಸಿಪಾಯಿಗಳು. ಬಂಗಾಳ ಸೇನೆಯಲ್ಲಿ ಅಂಥವರಲ್ಲಿ ಬಹುಪಾಲು ಮಂದಿ ಅವಧ್ ಮತ್ತು ಬಿಹಾರದ ರೈತಾಪಿ ಕುಟುಂಬಗಳಿಂದ ಬಂದ ಹಿಂದೂಗಳು. ಅವರೊಂದಿಗೆ ಮುಸ್ಲಿಮರೂ ಇದ್ದರು. ಮೊಗಲ್ ದೊರೆಯ ಹೆಸರಿನ ಸ್ಮಾರಕವನ್ನು ಮುಸ್ಲಿಮರ ಆಸ್ತಿಯೆಂದು ಎದೆಯುಬ್ಬಿಸುವವರೂ, ಅದೇ ಕಾರಣಕ್ಕೆ ಮುಖ ತಿರುಗಿಸುವವರೂ ಈ ಸಂಗತಿಯನ್ನು ಒಮ್ಮೆ ಯೋಚಿಸಲಿ.

ಮುಶಾಯಿರಾಗಳಲ್ಲಿ ಝಫರ್‌ರನ್ನು ನೆನೆದು ಕಣ್ಣೀರಿಡುವ ನಾವು, ಆ ಸಿಪಾಯಿಗಳ ಹೆಸರೇನೆಂದು ಎಂದಾದರೂ ಕೇಳಿದ್ದೇವೆಯೇ? ಇದೊಂದು ಹುರುಳಿಲ್ಲದ ಪ್ರಶ್ನೆಯಲ್ಲ. ಅದೇ 1857ರ ನವೆಂಬರ್ ತಿಂಗಳ ಕೊನೆಯಲ್ಲಿ, ಅದೇ ನಿಶ್ಶಸ್ತ್ರೀಕರಣದ ಕಾರಣಕ್ಕೆ, ನಮ್ಮ ಮುಧೋಳದ ಸಮೀಪದ ಹಲಗಲಿಯ ಬೇಡರು ಬ್ರಿಟಿಷರನ್ನು ಎದುರಿಸಿದರು. ಅವರಿಗೂ ಗಲ್ಲೇ ಗತಿಯಾಯಿತು. ಆದರೆ ಜಡಗ, ಬಾಲ, ಹನುಮ, ರಾಮ ಎಂಬ ಹೆಸರುಗಳು ಇಂದಿಗೂ ಕನ್ನಡಿಗರ ನಾಲಗೆಯ ಮೇಲಿವೆ. ಉಳಿಸಿದ್ದು ಸರ್ಕಾರವಲ್ಲ, ಲಾವಣಿಕಾರರು. ಢಾಕಾದ ಸಿಪಾಯಿಗಳು ದೂರದೂರಿನವರು. ಆ ಊರಿನಲ್ಲಿ ಅವರಿಗಾಗಿ ಹಾಡುವ ಬಂಧುಗಳಿರಲಿಲ್ಲ. ಅವರಿಗೆ ಉಳಿದಿರುವುದು ಆ ನೆಲವೊಂದೇ.

ಆದುದರಿಂದಲೇ ಗುತ್ತಿಗೆಯ ಪ್ರಶ್ನೆ ಚಿಕ್ಕದಲ್ಲ. ಉದ್ಯಾನ, ಆಟದ ಬಯಲು, ತೆರೆದ ಜಾಗ ಮತ್ತು ನೈಸರ್ಗಿಕ ಜಲಾಶಯಗಳ ರಕ್ಷಣೆಗೆಂದೇ ಬಾಂಗ್ಲಾದೇಶದಲ್ಲಿ 2000ದ ಕಾಯ್ದೆಯೊಂದಿದೆ. ಉದ್ಯಾನವೆಂದು ಗುರುತಿಸಿದ ಜಾಗವನ್ನು ಬೇರೆ ಬಗೆಯ ಉಪಯೋಗಕ್ಕೆ ಬಾಡಿಗೆಗಾಗಲಿ ಗುತ್ತಿಗೆಗಾಗಲಿ ಕೊಡಕೂಡದೆಂದು ಅದರ 5ನೇ ಕಲಮು ನೇರವಾಗಿ ಹೇಳುತ್ತದೆ. ಐತಿಹಾಸಿಕ ಸ್ಥಳಗಳನ್ನು ವಿರೂಪಗೊಳ್ಳದಂತೆ ಕಾಯುವ ಹೊಣೆಯನ್ನು ಆ ದೇಶದ ಸಂವಿಧಾನದ 24ನೇ ವಿಧಿ ಪ್ರಭುತ್ವಕ್ಕೆ ವಹಿಸಿದೆ. ಬೇಲಿಯೇ ಎದ್ದು ಹೊಲ ಮೇಯ್ದರೆ ದೂರುವುದು ಯಾರಿಗೆ? ಹಳೆಯ ಢಾಕಾದ ಇಕ್ಕಟ್ಟಾದ ಗಲ್ಲಿಗಳಲ್ಲಿ ವಾಸಿಸುವ ಕುಟುಂಬಗಳಿಗೆ ಮರದ ನೆರಳಿನಲ್ಲಿ ಕಾಸು ಕೊಡದೆ ಕುಳಿತುಕೊಳ್ಳಬಹುದಾದ ಜಾಗಗಳು ಎಷ್ಟಿವೆ? ಕಾಸಿಲ್ಲದವನಿಗೂ ಅಲ್ಲಿ ಕುಳಿತುಕೊಳ್ಳುವ ಹಕ್ಕಿದೆ ಎಂಬುದೇ ಸಾರ್ವಜನಿಕ ಉದ್ಯಾನದ ಅರ್ಥ. ಮೇಜು ಕುರ್ಚಿ ಬಂದೊಡನೆ ಮೊದಲು ಎದ್ದು ಹೋಗಬೇಕಾದವನು ಅವನೇ.

ಆ ಪರಿಸರದಲ್ಲಿಯೇ ಇನ್ನೊಂದು ಮಾದರಿಯಿದೆ. ಸಮೀಪದ ಕವಿ ನಜ್ರುಲ್ ಕಾಲೇಜು ಮತ್ತು ಸರ್ಕಾರಿ ಮುಸ್ಲಿಂ ಹೈಸ್ಕೂಲು, ಎರಡರ ಮೂಲವೂ 1874ರಲ್ಲಿ ಹಾಜಿ ಮುಹಮ್ಮದ್ ಮೊಹ್ಸಿನ್ ಅವರ ವಕ್ಫ್ ನಿಧಿಯಿಂದ ಆರಂಭವಾದ ಢಾಕಾ ಮದ್ರಸ. ಸಂತಾನವಿಲ್ಲದ ಮೊಹ್ಸಿನ್ ತಮ್ಮ ಆಸ್ತಿಯನ್ನು ಬಿಟ್ಟುಹೋಗಿ ಇನ್ನೂರು ವರ್ಷಗಳು ಕಳೆದಿವೆ. ವಕ್ಫ್ ಆಸ್ತಿಯ ಮುತವಲ್ಲಿ ಅದರ ಒಡೆಯನಲ್ಲ, ಕಾವಲುಗಾರನೆಂದು ನಾವು ಮದ್ರಸದ ಪಾಠದಲ್ಲಿ ಓದುತ್ತೇವೆ. ಉದ್ಯಾನದ ಮಟ್ಟಿಗೆ ನಗರ ಪಾಲಿಕೆಯ ಸ್ಥಾನವೂ ಅದಕ್ಕಿಂತ ಭಿನ್ನವಲ್ಲ. ನಮ್ಮ ಪಟ್ಟಣಗಳಲ್ಲಿಯೂ ಈ ವಾದಕ್ಕೆ ಆಧಾರವಿದೆ: ಉದ್ಯಾನ ಮತ್ತು ಆಟದ ಬಯಲುಗಳ ರಕ್ಷಣೆಗೆ ಕರ್ನಾಟಕದಲ್ಲಿ 1985ರ ಕಾಯ್ದೆಯಿದೆ. ಆದರೆ ಅದನ್ನು ಹಿಡಿದು ಪುರಸಭೆಯ ಬಾಗಿಲು ತಟ್ಟುವವರು ವಿರಳ.

ಢಾಕಾದ ಆ ನಡಿಗೆಯ ವೃದ್ಧರು ಬಾಗಿಲು ತಟ್ಟಿದರು. ಅವರ ಬೇಡಿಕೆಯ ಜೊತೆಗೆ ಇನ್ನೊಂದನ್ನು ಸೇರಿಸಬಹುದಾಗಿದೆ. ಗುಮ್ಮಟದ ಕೆಳಗೆ, ಚಕ್ರವರ್ತಿಯ ಹೆಸರಿನ ಪಕ್ಕದಲ್ಲಿ, 73ನೇ ದಳದ ಆ ಸಿಪಾಯಿಗಳ ಹೆಸರುಗಳನ್ನು ಹಳೆಯ ದಫ್ತರುಗಳಲ್ಲಿ ಹುಡುಕಿಸಿ, ಸಿಕ್ಕಷ್ಟನ್ನು ಕೆತ್ತಿಸಲಿ. ಒಂದೂ ಸಿಗದಿದ್ದರೆ ದಳದ ಸಂಖ್ಯೆಯನ್ನೂ 1857ರ ನವೆಂಬರ್ 22 ಎಂಬ ದಿನಾಂಕವನ್ನೂ ಕೆತ್ತಿಸಿದರಾಯಿತು. ಅದಕ್ಕೆ ತಿಂಡಿ ಮಳಿಗೆಯ ಬಾಡಿಗೆಯ ಹಣ ಬೇಕಾಗಿಲ್ಲ.