ಇದ್ದ ನೌಕರಿ ಬಿಟ್ಟವರ ಪರವಾಗಿ

ಬಾಗಲಕೋಟೆಯಲ್ಲಿ ಎಂಜಿನಿಯರಿಂಗ್ ಓದಿ ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ಹುಡುಗ ಊರಿಗೆ ಮರಳಿ ಇಳಕಲ್ಲಿನಲ್ಲಿ ಮಗ್ಗ ಹೂಡುತ್ತೇನೆ ಎಂದರೆ, ಬ್ಯಾಂಕಿನ ಕೆಲಸ ಬಿಟ್ಟು ನಾಟಕಕ್ಕೆ ಹೋಗುತ್ತೇನೆ ಎಂದು ಹುಡುಗಿಯೊಬ್ಬಳು ಹೊರಟರೆ, ಮನೆಮಂದಿಗಿಂತ ಮೊದಲು ಓಣಿಯ ಮಂದಿ ನ್ಯಾಯ ಹೇಳಲು ಕೂಡುತ್ತಾರೆ. "ತಿಂಗಳ ಪಗಾರ ಬಿಟ್ಟು ಮಗ್ಗದ ಕುಣಿಗೆ ಇಳಿತೀಯೇನೋ ತಮ್ಮಾ?" ಈ ಮಾತಿನಲ್ಲಿ ಕಾಳಜಿ ಇದೆ, ಒಪ್ಪುತ್ತೇನೆ. ಆದರೆ ಕಾಳಜಿಯಿಂದ ಆಡಿದ್ದೆಲ್ಲ ಸರಿಯಾದ ಮಾತಲ್ಲ. ಅವರ ಆಕ್ಷೇಪಗಳಿಗೆ ಒಂದೊಂದಾಗಿ ಉತ್ತರ ಕೊಡುತ್ತೇನೆ.

1. "ಹವ್ಯಾಸ ಇದ್ದರೆ ರವಿವಾರ ಮಾಡಲಿ, ನೌಕರಿ ಯಾಕೆ ಬಿಡಬೇಕು?"

ಇದನ್ನು ಹೇಳುವವರು ಗಿರೀಶ ಕಾರ್ನಾಡರನ್ನು ಮುಂದಿಡುತ್ತಾರೆ. ಮದ್ರಾಸಿನ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನಲ್ಲಿ ದುಡಿಯುತ್ತಲೇ ಅವರು 1964ರಲ್ಲಿ 'ತುಘಲಕ್' ನಾಟಕ ಕೊಟ್ಟರಲ್ಲ ಎನ್ನುತ್ತಾರೆ. ನಿಜ. ಆದರೆ ಅದೇ ಕಾರ್ನಾಡರು 1970ರಲ್ಲಿ ಆ ನೌಕರಿ ಬಿಟ್ಟರು. 'ಹಯವದನ', 'ನಾಗಮಂಡಲ', 'ತಲೆದಂಡ' ಬಂದದ್ದು ಆಮೇಲೆಯೇ. ಅರ್ಧ ಕತೆ ಹೇಳಿ ಬುದ್ಧಿ ಕಲಿಸಬಾರದು.

ಬರವಣಿಗೆಯನ್ನಾದರೂ ರಾತ್ರಿ ಕೂತು ಮಾಡಿಯಾರು. ಇಳಕಲ್ ಸೀರೆಯನ್ನು ರವಿವಾರಕ್ಕೊಮ್ಮೆ ನೇಯಲಾಗದು. ಅದರಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಎರಡರ ಎಳೆಗಳನ್ನೂ ಕುಣಿಕೆಗೆ ಕುಣಿಕೆ ಸಿಕ್ಕಿಸಿ ಕೂಡಿಸಬೇಕು. ಅದಕ್ಕೇ ಕೊಂಡಿ ಎನ್ನುವುದು. ಪ್ರತಿ ಸೀರೆಗೂ ಈ ಕೆಲಸ ಹೊಸದಾಗಿ ಶುರುವಾಗುತ್ತದೆ. ಆಮೇಲೆ ಕೆಂಪು ಸೆರಗಿನ ಮೇಲೆ ಬಿಳಿಯ ಟೋಪ್ ತೆನಿ ವಿನ್ಯಾಸ ಮೂಡಬೇಕು. ಕಣ್ಣು, ಬೆರಳು, ಕಾಲು ಮೂರೂ ಇದಕ್ಕೆ ಒಗ್ಗಲು ವರ್ಷಗಳು ಹಿಡಿಯುತ್ತವೆ. ಇದನ್ನು ಹವ್ಯಾಸ ಎಂದು ಕರೆಯುವುದು ನೇಕಾರರ ದುಡಿಮೆಗೆ ಮಾಡುವ ಅವಮಾನ.

2. "ಅಪ್ಪ ಅವ್ವ ಸಾಲ ಮಾಡಿ ಓದಿಸಿದ್ದು ದಂಡವಾಯಿತು."

ನಾಟಕಕಾರ ಟಿ.ಪಿ. ಕೈಲಾಸಂ ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದವರು, ಸರ್ಕಾರಿ ಕೆಲಸ ಬಿಟ್ಟವರು. ಅಂಕಗಳು ಮನುಷ್ಯನ ಅಳತೆಯೇ ಎಂದು ಕೇಳುವ 'ಟೊಳ್ಳುಗಟ್ಟಿ' ನಾಟಕವನ್ನು ಬರೆದ ಅವರ ಓದು ದಂಡವಾಯಿತೆಂದು ಇಂದು ಯಾರೂ ಹೇಳುವುದಿಲ್ಲ.

ಇಳಕಲ್ಲಿಗಂತೂ ಓದಿದವರು ಬೇಕೇ ಬೇಕು. ಸೀರೆಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಇದ್ದರೂ ಪವರ್‌ಲೂಮಿನ ಬಟ್ಟೆ ಅದೇ ಹೆಸರಿನಲ್ಲಿ ಮಾರಾಟವಾಗುತ್ತದೆ. ಎರಡರ ವ್ಯತ್ಯಾಸವನ್ನು ಗಿರಾಕಿಗೆ ತೋರಿಸಿಕೊಡಲು, ಕೂಲಿಯ ಲೆಕ್ಕ ಹಿಡಿದು ದರ ಕಟ್ಟಲು, ದಲ್ಲಾಳಿಯಿಲ್ಲದೆ ದೂರದ ಊರಿಗೆ ಮಾಲು ಮುಟ್ಟಿಸಲು ಕಲಿತ ವಿದ್ಯೆಯೇ ಕೆಲಸಕ್ಕೆ ಬರುತ್ತದೆ.

3. "ನೇಕಾರರ ಮಕ್ಕಳೇ ಮಗ್ಗ ಬಿಡುತ್ತಿರುವಾಗ ನೀನ್ಯಾಕೆ ಹೋಗುತ್ತೀ?"

ಎಲ್ಲಕ್ಕಿಂತ ಗಟ್ಟಿ ಆಕ್ಷೇಪ ಇದು. ನೇಕಾರನ ಮಗ ಮಗ್ಗ ಬಿಟ್ಟರೆ ಅದು ಅವನ ಹಕ್ಕು. ಅಜ್ಜ ನೇಯ್ದನೆಂದು ಮೊಮ್ಮಗ ನೇಯಲೇಬೇಕಿಲ್ಲ. ಆದರೆ ಅವನು ಬಿಡುವುದು ನೇಯ್ಗೆಯ ಮೇಲಿನ ಸಿಟ್ಟಿನಿಂದಲ್ಲ, ಕೂಲಿ ಗಿಟ್ಟದ್ದರಿಂದ. ಹಾಗಿದ್ದ ಮೇಲೆ ಹೊಸಬರಿಗೆ ಬಾಗಿಲು ಮುಚ್ಚಿ ಏನು ಫಲ? ಕೂಲಿ ಹೆಚ್ಚಿಸುವ ದಾರಿ ಹುಡುಕಬೇಕು.

ನೌಕರಿ ಬಿಟ್ಟು ಬರುವವರಿಗೂ ಇಲ್ಲಿ ಒಂದು ಕಟ್ಟುಪಾಡಿದೆ. ನಾಲ್ಕು ಫೋಟೊ ತೆಗೆದು, ನೇಕಾರರ ಹೆಸರು ಮರೆಸಿ, ಲಾಭವನ್ನೆಲ್ಲ ತಾವೇ ಇಟ್ಟುಕೊಳ್ಳುವವರ ಪರವಾಗಿ ನಾನು ವಾದಿಸುತ್ತಿಲ್ಲ. ನೇಯ್ದವರಿಗೆ ನ್ಯಾಯವಾದ ಕೂಲಿ ಸಿಗದಿದ್ದರೆ ಆ ಕೆಲಸ ಸಾರ್ಥಕವೆನಿಸದು.

4. "ನಾಟಕದ ಕಾಲ ಮುಗಿಯಿತು, ಕಲೆ ಹೊಟ್ಟೆ ತುಂಬಿಸುವುದಿಲ್ಲ."

ಬನದ ಹುಣ್ಣಿಮೆಯ ಹೊತ್ತಿಗೆ ಬಾದಾಮಿಯ ಬನಶಂಕರಿ ಜಾತ್ರೆಗೆ ಬನ್ನಿ. ಒಂದಲ್ಲ, ಹಲವು ವೃತ್ತಿ ಕಂಪನಿಗಳು ಅಕ್ಕಪಕ್ಕದಲ್ಲೇ ಥೇಟರ್ ಹಾಕಿ ವಾರಗಟ್ಟಲೆ ಆಟ ಆಡುತ್ತವೆ. ಮಂದಿ ಟಿಕೀಟು ತೆಗೆಸಿ ನೋಡುತ್ತಾರೆ. ಹುನಗುಂದ ಸೀಮೆಯ ಕಂದಗಲ್ಲ ಹನುಮಂತರಾಯರ 'ರಕ್ತರಾತ್ರಿ' ಇವತ್ತಿಗೂ ನಮ್ಮ ಹಳ್ಳಿಗಳ ಅಟ್ಟ ಏರುತ್ತದೆ. ಅದೇ ಸೀಮೆಯ ಪಿ.ಬಿ. ಧುತ್ತರಗಿಯವರ 'ಸಂಪತ್ತಿಗೆ ಸವಾಲ್' 1974ರಲ್ಲಿ ರಾಜಕುಮಾರ್ ಚಿತ್ರವಾಯಿತು. ಚಿತ್ರಕಲೆಯಲ್ಲೂ ಹಾಗೆಯೇ: ಬಾದಾಮಿಯಲ್ಲಿ ಹುಟ್ಟಿದ ಕಲಾವಿದ ಆರ್.ಎಂ. ಹಡಪದ ಬೆಂಗಳೂರಿನಲ್ಲಿ ಕೆನ್ ಕಲಾಶಾಲೆ ಕಟ್ಟಿದರು. ಇಂದು ಜಗತ್ತಿನ ಗ್ಯಾಲರಿಗಳಲ್ಲಿ ಹೆಸರು ಮಾಡಿರುವ ಶೀಲಾ ಗೌಡ ಅಲ್ಲಿ ಕಲಿತವರು.

ಇವರೆಲ್ಲ ಸುಖದಲ್ಲಿ ತೇಲಿದರೆಂದು ನಾನು ಹೇಳುವುದಿಲ್ಲ. ಕಂಪನಿ ನಾಟಕದವರ ಬಡತನ ನಮಗೆ ಗೊತ್ತಿಲ್ಲದ್ದಲ್ಲ. ಆದರೆ ಬಡತನ ಕಲೆಯ ಗುಣವಲ್ಲ, ಪುಕ್ಕಟೆ ಪಾಸು ಕೇಳುವ ನಮ್ಮ ಚಾಳಿಗೂ ಅದರಲ್ಲಿ ಪಾಲಿದೆ. ಟಿಕೀಟಿಗೆ ದುಡ್ಡು ಕೊಡದೆ, ಕೈಮಗ್ಗದ ಸೀರೆಗೆ ಪವರ್‌ಲೂಮಿನ ದರ ಕೇಳಿ, ಕೊನೆಗೆ "ಕಲೆಯಿಂದ ಹೊಟ್ಟೆ ತುಂಬುವುದಿಲ್ಲ" ಎನ್ನುವುದು ಯಾವ ನ್ಯಾಯ?

ನೌಕರಿ ಬಿಡುವುದೇ ದೊಡ್ಡಸ್ತಿಕೆ ಎಂಬುದು ನನ್ನ ವಾದವಲ್ಲ. ಸಾಲ ತೀರದವರು, ತಂದೆತಾಯಿಯ ಔಷಧಿಗೆ ದುಡಿಯುವವರು ನೌಕರಿಯಲ್ಲೇ ಉಳಿದರೆ ಅವರಿಗೂ ನನ್ನ ನಮಸ್ಕಾರ. ಆದರೆ ಯೋಚಿಸಿ ಹೊರಟವರನ್ನು ಹುಚ್ಚರೆನ್ನಬೇಡಿ. ಅವರನ್ನು ಮೂರು ಪ್ರಶ್ನೆ ಕೇಳಿರಿ: ಯಾರ ಹತ್ತಿರ ಕೆಲಸ ಕಲಿತೆ? ಒಂದು ವರ್ಷದ ಖರ್ಚಿಗೆ ಏನಿಟ್ಟುಕೊಂಡೆ? ನಿನ್ನ ಜೊತೆ ದುಡಿಯುವವರಿಗೆ ಏನು ಕೊಡುತ್ತೀ? ಈ ಮೂರಕ್ಕೂ ನೆಟ್ಟಗೆ ಉತ್ತರ ಬಂದರೆ ಬೆನ್ನು ತಟ್ಟಿ ಕಳಿಸಿರಿ. ಅವರ ಮೊದಲ ಸೀರೆಯನ್ನು, ಮೊದಲ ಆಟದ ಟಿಕೀಟನ್ನು ದುಡ್ಡು ಕೊಟ್ಟೇ ಕೊಳ್ಳಿರಿ.