ನೇವಿ ಅಜ್ಜ

ಕಳೆದ ತಿಂಗಳು ಗದಗ ಜಿಲ್ಲೆಯ ಹಳ್ಳಿಯೊಂದರಲ್ಲಿ ಲಿಂಗೈಕ್ಯರಾದ ಹಿರಿಯರೊಬ್ಬರ ನೆನಪನ್ನು ಈ ಸಲ ಓದುಗ ಬಂಧುಗಳೊಡನೆ ಹಂಚಿಕೊಳ್ಳುತ್ತಿದ್ದೇವೆ. ಹೆಸರು ಬೇಡವೆಂಬುದು ಮನೆಯವರ ಕೋರಿಕೆ. ಆ ಹಿರಿಯರ ಸ್ವಭಾವಕ್ಕೂ ಅದೇ ಒಪ್ಪುವಂಥದು. ಊರವರ ಬಾಯಲ್ಲಿ ಅವರು 'ನೇವಿ ಅಜ್ಜ'.

ಬೆಣ್ಣೆಹಳ್ಳದ ನೆರೆಯನ್ನು ಬಿಟ್ಟರೆ ದೊಡ್ಡ ನೀರನ್ನೇ ಕಾಣದ ಒಕ್ಕಲು ಮನೆತನದ ಹುಡುಗ ನೌಕಾಪಡೆಗೆ ಸೇರಿ, ಲೋಣಾವಳದ ಐ.ಎನ್.ಎಸ್. ಶಿವಾಜಿಯಲ್ಲಿ ಯಂತ್ರವಿದ್ಯೆಯನ್ನು ಕಲಿತು, 'ವಿಕ್ರಾಂತ್' ನೌಕೆಯ ಬಾಯ್ಲರ್ ಕೋಣೆಗೆ ಇಳಿದರು. 1961ರಲ್ಲಿ ನಮ್ಮ ನೌಕಾಪಡೆಯನ್ನು ಸೇರಿದ ಆ ಹಡಗು ಭಾರತದ ಮೊದಲ ವಿಮಾನವಾಹಕ. 1971ರ ಯುದ್ಧವೆಂದೊಡನೆ ಎಲ್ಲರೂ ಸ್ಮರಿಸುವುದು ಅದರ ಮೇಲಿಂದ ಹಾರಿದ ವಿಮಾನಗಳನ್ನು. ಕೆಳಗೆ ಉಗಿ ಕಾಯಿಸಿದವರನ್ನು ಸ್ಮರಿಸುವವರು ವಿರಳ.

ಅಂದು ಆ ಹಡಗಿನ ಸ್ಥಿತಿ ಸುಗಮವಾಗಿರಲಿಲ್ಲ. 1970ರ ಜೂನ್‌ನಲ್ಲಿ ಬಾಯ್ಲರುಗಳ ನೀರಿನ ಡ್ರಮ್ಮುಗಳಲ್ಲಿ ಬಿರುಕುಗಳು ಕಂಡವು. ಬೆಸುಗೆಯಿಂದ ಸರಿಪಡಿಸುವಂತಿರಲಿಲ್ಲ, ಹೊಸವು ಬ್ರಿಟನ್ನಿನಿಂದ ಬರಬೇಕಾಗಿತ್ತು. ತಿಂಗಳುಗಟ್ಟಲೆ ಬೆಂಕಿಯನ್ನೇ ಹಾಕಲಿಲ್ಲ. ಕೊನೆಗೆ ಉಗಿಯ ಒತ್ತಡ ಚದರ ಅಂಗುಲಕ್ಕೆ 400 ಪೌಂಡುಗಳನ್ನು ಮೀರಕೂಡದೆಂಬ ಕಟ್ಟುಪಾಡಿನೊಡನೆ ಹಡಗನ್ನು ಕಡಲಿಗಿಳಿಸಲಾಯಿತು. ಸುಮಾರು 25 ನಾಟ್ ವೇಗದಲ್ಲಿ ಸಾಗಬಲ್ಲ ನೌಕೆ 14 ನಾಟ್‌ಗೆ ಇಳಿಯಿತು. ಗಾಳಿಗೆ ಎದುರಾಗಿ ಹಡಗು ಎಷ್ಟು ವೇಗವಾಗಿ ಸಾಗುವುದೋ ಅಷ್ಟು ಸುಲಭವಾಗಿ ವಿಮಾನ ಮೇಲೇಳುತ್ತದೆ. ಮಂದಗತಿಯ ಹಡಗು ಜಲಾಂತರ್ಗಾಮಿಗೆ ಸುಲಭದ ಬೇಟೆಯೂ ಹೌದು. ವಿಕ್ರಾಂತನ್ನು ಅರಸಿ ಬಂದಿದ್ದ 'ಘಾಜಿ' ಆ ಡಿಸೆಂಬರಿನ ಮೊದಲ ದಿನಗಳಲ್ಲಿಯೇ ವಿಶಾಖಪಟ್ಟಣದ ಬಳಿ ಮುಳುಗಿತು. ಡಿಸೆಂಬರ್ 4ರಂದು ವಿಕ್ರಾಂತ್‌ನಿಂದೆದ್ದ ಸೀ ಹಾಕ್ ವಿಮಾನಗಳು ಕಾಕ್ಸ್ ಬಜಾರ್ ಹಾಗೂ ಚಿತ್ತಗಾಂಗ್‌ಗಳ ಮೇಲೆ ದಾಳಿ ಮಾಡಿದವು. ವಿಮಾನವನ್ನು ಮುಂದಕ್ಕೆಸೆಯುವ ಕವಣೆಯಂತ್ರಕ್ಕೂ ಅದೇ ಬಿರುಕು ಬಿಟ್ಟ ಬಾಯ್ಲರುಗಳ ಉಗಿಯೇ ಬೇಕಾಗಿತ್ತೆಂಬುದನ್ನು ಓದುಗರು ಗಮನಿಸಬೇಕು.

ಅಜ್ಜನವರು ಇದಾವುದನ್ನೂ ತಾವಾಗಿ ಹೇಳಿದವರಲ್ಲ. ಪದಕ ಟ್ರಂಕಿನಲ್ಲಿ ಹಾಸಿಗೆ ಬಟ್ಟೆಯ ಕೆಳಗಿತ್ತು. ಯುದ್ಧದ ದಿನಗಳಲ್ಲಿ ರೇಡಿಯೋ ವಾರ್ತೆಯಲ್ಲಿ ಹಡಗಿನ ಹೆಸರು ಬಂದರೆ ಅಜ್ಜಿಯವರು ಒಲೆಯ ಮುಂದಿನಿಂದ ಎದ್ದು ಬಂದು, ವಾರ್ತೆ ಮುಗಿಯುವವರೆಗೂ ನಿಂತೇ ಇರುತ್ತಿದ್ದರಂತೆ. ರೊಟ್ಟಿ ಹೊತ್ತಿದ್ದನ್ನು ಯಾರೂ ಕೇಳುತ್ತಿರಲಿಲ್ಲ. ನಮಗೆ ಈ ಸಂಗತಿಯೂ ಪದಕಕ್ಕಿಂತ ಕಡಿಮೆಯದೆನಿಸುವುದಿಲ್ಲ.

ಒಮ್ಮೆ ನಾವು ಅವರ ಪಡಸಾಲೆಯಲ್ಲಿ ಕುಳಿತಿದ್ದಾಗ ಕಿರಿಯ ಮೊಮ್ಮಗ ಕೇಳಿದ: "ಅಜ್ಜಾ, ಯುದ್ಧದಾಗ ನೀ ಏನ್ ನೋಡಿದಿ?"

"ಗೇಜಿನ ಮುಳ್ಳು ನೋಡಿದ್ನೆಪಾ. ಅದು ನಾಕನೂರು ದಾಟಬಾರದಾಗಿತ್ತು."

"ಸಮುದ್ರ?"

"ಅದು ಮ್ಯಾಲಿನವರಿಗೆ ಕಾಣತಿತ್ತು."

ಮಗುವಿಗೆ ನಿರಾಸೆಯಾಯಿತು. ಹಡಗಿಗೆ ಏಟು ಬಿದ್ದರೆ ಮೇಲೇರಿ ಬರಲು ಎಲ್ಲರಿಗಿಂತ ಕಡಿಮೆ ಅವಕಾಶವಿದ್ದವರು ಆ ಮುಳ್ಳಿನ ಮುಂದೆ ನಿಂತವರೇ ಎಂಬುದು ಅವನಿಗೆ ತಿಳಿಯುವ ವಯಸ್ಸಲ್ಲ.

ವಿಕ್ರಾಂತ್ 1997ರಲ್ಲಿ ಸೇವೆಯಿಂದ ನಿವೃತ್ತವಾಯಿತು. ಮುಂಬಯಿಯಲ್ಲಿ ಕೆಲಕಾಲ ವಸ್ತುಸಂಗ್ರಹಾಲಯವಾಗಿದ್ದು, 2014ರಲ್ಲಿ ಗುಜರಿಗೆ ಮಾರಾಟವಾಯಿತು. ಪತ್ರಿಕೆಯಲ್ಲಿ ಬಂದ ಆ ಸುದ್ದಿಯನ್ನು ಅಜ್ಜನವರು ಓದಿ ಮಡಚಿಟ್ಟರೆಂದಷ್ಟೇ ಮನೆಯವರು ಬಲ್ಲರು. 2016ರಲ್ಲಿ ಬಜಾಜ್ ಕಂಪನಿಯು ಆ ಹಡಗಿನ ಲೋಹವನ್ನು ಬೆರೆಸಿ ಮೋಟಾರ್ ಸೈಕಲ್ಲೊಂದನ್ನು ಹೊರತಂದಿತು. ಹಿರಿಯ ಮೊಮ್ಮಗ ಅದನ್ನು ಕೊಂಡು ತಂದು ಅಂಗಳದಲ್ಲಿ ನಿಲ್ಲಿಸಿದ. ಅಜ್ಜನವರು ಪೆಟ್ರೋಲ್ ಟ್ಯಾಂಕಿನ ಮೇಲೆ ಅಂಗೈಯಿಟ್ಟು ಬಹಳ ಹೊತ್ತು ನಿಂತರು. ಚಾಲೂ ಮಾಡೆಂದರು, ಕಿವಿಗೊಟ್ಟು ಕೇಳಿದರು.

"ಸಪ್ಪಳ ಚಲೋ ಐತಿ," ಎಂದರು. "ಜೋರ ಓಡಸಬ್ಯಾಡ."